ಹಡಗಿನ ಮದುಮಗಳು

ಉಸ್ಕುದಾರ್, ಇಸ್ತಾಂಬುಲ್
ಸೆಪ್ಟೆಂಬರ್ ೧೬, ಶನಿವಾರ

ಪ್ರೀತಿಯ ಪೆರಿಹಾನ್ ಅಕ್ಕನಿಗೆ,

ನಿನ್ನ ತಂಗಿ ಹಂದಾನ್ ಮಾಡುವ ನಮಸ್ಕಾರ. ಭಾವನ ಮೊಣಕಾಲು ಈಗ ಹೇಗಿದೆ?

ಅಮ್ಮ ಹಿಟ್ಟು ನಾದುವಾಗ ಒಂದು ಸಾಲು ಗುನುಗುತ್ತಿದ್ದಳಲ್ಲ, ‘ದೋಣಿ ಹೊರಟಾಗ ದಡವೂ ಒಂದು ಹೆಜ್ಜೆ...’ ಎಂದು. ಆಮೇಲೇನು? ಹಿಂದೆ ಸರಿಯಿತು ಎನ್ನುತ್ತಿದ್ದಳೋ, ಜೊತೆಗೆ ಬಂತು ಎನ್ನುತ್ತಿದ್ದಳೋ? ನಿನ್ನೆ ಸಂಜೆಯಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಎಷ್ಟೋ ಕವಿಗಳ ಸಾಲು ಕೇಳಿದರೆ ತಡವರಿಸದೆ ಹೇಳಬಲ್ಲೆ, ಅಮ್ಮನ ಒಂದೇ ಸಾಲಿನ ಬಾಲ ಮಾತ್ರ ಕೈತಪ್ಪಿ ಹೋಗಿದೆ. ಎಂ.ಎ. ಓದಿ ಏನು ದಕ್ಕಿತು ಎಂದು ನೀನು ನಗಬಹುದು. ಆದರೆ ಯೋಚಿಸು. ಹಿಂದೆ ಸರಿಯಿತು ಎಂದರೆ ಅದೊಂದು ದಡ. ಜೊತೆಗೆ ಬಂತು ಎಂದರೆ ಬೇರೆಯೇ ದಡ. ಹಡಗು ಕಬಾತಾಶ್ ಕಟ್ಟೆ ಬಿಡುವಾಗ ಕಂಬಿ ಹಿಡಿದು ನಿಂತು ಕಣ್ಣಾರೆ ನೋಡಿದೆ. ನನಗೆ ತೀರ್ಮಾನವಾಗಲಿಲ್ಲ.

ಹೌದು, ನಿನ್ನೆ ಆ ಹಡಗಿಗೆ ಹೋಗಿದ್ದೆ. ‘ನೀನೇ ಒಂದ್ಸಲ ಹೋಗಿ ನೋಡು, ನೋಡಿದ್ದನ್ನ ಹಾಗೇ ಹೇಳು’ ಎಂದಿದ್ದೆಯಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಗಳು ಸೆಲ್ವಿಯ ಹೆಸರು ಬಂದ ಕೂಡಲೇ ‘ಒಲೆ ಮೇಲೆ ಹಾಲಿದೆ’ ಎಂದು ಇಟ್ಟುಬಿಡುತ್ತೀಯ. ಕಳೆದ ಚಳಿಗಾಲದಿಂದ ನಿನ್ನ ಒಲೆಯ ಮೇಲಿನ ಹಾಲು ಇಳಿದೇ ಇಲ್ಲ. ಕಾಗದವಾದರೆ ನೀನು ಕೊನೆಯವರೆಗೆ ಓದುವವಳು. ಇದನ್ನು ಬಡಾವಣೆಯ ಗ್ರಂಥಾಲಯದಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಅವಳಿದ್ದಾಳೆ, ಅವಳ ಕಣ್ಣೆದುರು ಬರೆಯುವುದು ಆಗದು. ಯಾಕೆಂದು ಕೊನೆಗೆ ಗೊತ್ತಾಗುತ್ತದೆ.

ನಿನ್ನ ಸಿಟ್ಟು ನನಗೆ ತಿಳಿಯದ್ದೇನಲ್ಲ. ಜನಪದ ನೃತ್ಯ ಕಲಿತು ಬಂದ ಮಗಳು ನಿಮ್ಮ ಆಯ್ವಲಿಕ್‌ನ ಶಾಲೆಯಲ್ಲಿ ಮಕ್ಕಳಿಗೆ ಹೆಜ್ಜೆ ಹೇಳಿಕೊಡುತ್ತಾಳೆ ಎಂದು ನೀನು ಅಂದುಕೊಂಡಿದ್ದೆ. ಅವಳು ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಇಳಿಸಿ, ಪ್ರವಾಸಿಗರಿಗೆ ರಾತ್ರಿಯೂಟ ಬಡಿಸುವ ಹಡಗಿಗೆ ಸೇರಿಕೊಂಡಳು. ಉಣ್ಣುವವರ ಮುಂದೆ ಕುಣಿಯುವುದನ್ನೂ ನೀನು ಹೇಗೋ ನುಂಗಿಕೊಂಡೆ. ನಿನ್ನ ಗಂಟಲಲ್ಲಿ ಇಳಿಯದೆ ನಿಂತದ್ದು ಅಲ್ಲಿನ ಮದರಂಗಿ ಶಾಸ್ತ್ರದ ಆಟ. ದಿನಾ ಸಂಜೆ ಕೆಂಪು ಮುಸುಕು ಹೊದ್ದು, ಊರುಕೇರಿ ಗೊತ್ತಿಲ್ಲದವರ ನಡುವೆ ಮದುಮಗಳಾಗಿ ಕೂರುವುದು. ಈಗ ಅವಳ ನಿಜವಾದ ಮದುವೆಯೇ ಬಂದಿದೆ, ಅದೇ ಹಡಗಿನಲ್ಲಿ ಡೋಲು ಬಾರಿಸುವ ಯಾಲ್ಚಿನ್ ಜೊತೆ. ಮುಂದಿನ ತಿಂಗಳ ಮೊದಲಲ್ಲಿ ಮದರಂಗಿ. ಕರೆದಾಗ ನೀನು ಅಂದ ಮಾತು ನನ್ನ ಕಿವಿಯಲ್ಲೇ ಇದೆ: ‘ಅಮ್ಮ ಇಲ್ದೆ ನೂರು ಸಲ ಮದರಂಗಿ ಹಚ್ಚಿಸ್ಕೊಂಡಿದಾಳಲ್ಲ, ನೂರಾ ಒಂದನೇ ಸಲಕ್ಕೆ ನಾನ್ಯಾಕೆ?’

‘ಬೇಕಾದರೆ ನೀನೇ ತಾಯಿಯ ಜಾಗದಲ್ಲಿ ನಿಲ್ಲು’ ಎಂದೂ ನನಗೆ ಅಂದೆ. ಅಕ್ಕ, ಗಂಡನನ್ನು ಬಿಟ್ಟು ಬಂದವಳನ್ನು ನಮ್ಮ ಜನ ಮದರಂಗಿ ಬಟ್ಟಲಿನ ಹತ್ತಿರ ಬಿಡುತ್ತಾರೆಯೇ? ಯಾರ ಮನೆಯ ಶಾಸ್ತ್ರಕ್ಕೆ ಹೋದರೂ ನಾನು ಬಾಗಿಲ ಪಕ್ಕದ ಕುರ್ಚಿಯವಳು. ಅದರ ಬಗ್ಗೆ ನನಗೆ ದುಃಖವಿಲ್ಲ, ಅಲ್ಲಿಂದ ಎಲ್ಲ ಚೆನ್ನಾಗಿ ಕಾಣುತ್ತದೆ.

ಹಡಗಿಗೆ ಹೋದಾಗಲೂ ಹಾಗೇ, ಮೂಲೆಯ ಮೇಜು ಕೇಳಿ ಕೂತೆ. ನಿಜ ಹೇಳಲೇ, ನಾಚಿಕೆಪಡಲು ತಯಾರಾಗಿಯೇ ಹೋಗಿದ್ದೆ. ಬದನೆಕಾಯಿ, ಮೊಸರು, ಸುಟ್ಟ ಮೀನು, ರಾಕಿ ಮದ್ಯ, ಫೋಟೋ ತೆಗೆಯುವವರ ಗದ್ದಲ. ಅದರ ನಡುವೆ ನಮ್ಮ ಹುಡುಗಿ. ಇದನ್ನೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ನನ್ನ ಮೇಜಿನಲ್ಲಿ ಇನ್ನಿಬ್ಬರನ್ನು ಕೂರಿಸಿದರು. ಅಜರ್ಬೈಜಾನಿನ ಶೇಕಿ ಊರಿನ ಬೆನೊವ್ಷಾ ಎಂಬ ಅಜ್ಜಿ ಮತ್ತು ಮಧ್ಯವಯಸ್ಸಿನ ಮಗ. ಅವರ ಮಾತು ನಮ್ಮ ಮಾತಿನ ದಾಯಾದಿ. ಅರ್ಥವಾಗುತ್ತದೆ, ಆದರೆ ಎಳೆತವೇ ಬೇರೆ. ಅಜ್ಜಿ ತಟ್ಟೆಯ ಮೀನನ್ನು ಫೋರ್ಕಿನಿಂದ ತಿರುಗಿಸಿ ನೋಡಿ, “ಇದೂ ನನ್ನಂಗ ಭಾಳ ದೂರದಿಂದ ಬಂದಂಗ ಐತಿ, ದಣದೈತಿ” ಎಂದರು. ಹೊಟ್ಟೆ ಕುಣಿಸುವ ನರ್ತಕಿ ಮೇಜಿನ ಹತ್ತಿರ ಬಂದಾಗ ಮಗ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸತೊಡಗಿದರೆ ಅಜ್ಜಿ ಬಿಡಬೇಕಲ್ಲ: “ನೋಡೋ ಮಾರಾಯಾ. ನಿನ್ನ ಹೇಣ್ತಿ ಊರಾಗ ಅದಾಳ. ನಾ ಏನ್ ಹೇಳೂದಿಲ್ಲ.”

ನಾನು ನಕ್ಕೆ. ನಗುತ್ತಲೇ, ಈ ಎಲ್ಲದರ ಮೇಲೆ ನನಗಿದ್ದ ತಿರಸ್ಕಾರ ಸ್ವಲ್ಪ ಸಡಿಲವಾದದ್ದು ಗೊತ್ತಾಯಿತು. ಅದಕ್ಕೂ ಮೊದಲು ಒಂದು ಸಂಗತಿ ನಡೆದಿತ್ತು. ಆಟದ ಮೊದಲಿಗೆ ಬಿಳಿ ನಿಲುವಂಗಿಯ ಸೂಫಿ ದರ್ವೇಶಿ ಬಂದು ಸುತ್ತತೊಡಗಿದ. ಊಟದ ನಡುವೆ ಧ್ಯಾನವೇ ಎಂದು ನಾನು ಮುಖ ಗಂಟಿಕ್ಕಿದ್ದೆ. ಆದರೆ ಅವನು ಸುತ್ತುವಷ್ಟು ಹೊತ್ತೂ ಬಡಿಸುವವರು ಗೋಡೆಗೊರಗಿ ನಿಂತುಬಿಟ್ಟರು. ಒಂದು ಚಮಚ ಸದ್ದು ಮಾಡಲಿಲ್ಲ. ಹೊರಗೆ ನೀರಿನ ಸೆಳೆತಕ್ಕೆ ಹಡಗು ಓಲುತ್ತಿತ್ತು, ಕಿಟಕಿಯಾಚೆ ದೀಪ ಹಚ್ಚಿದ ಎರಡು ಖಂಡಗಳು ಮೇಲೆ ಕೆಳಗೆ ಆಗುತ್ತಿದ್ದವು, ಅವನ ಎಡಪಾದ ಮಾತ್ರ ಮೊಳೆ ಹೊಡೆದಂತೆ ಒಂದೇ ಕಡೆ. ಗಟ್ಟಿ ನೆಲದ ಮೇಲೆ ಸುತ್ತುವವರನ್ನು ನಾವು ನೋಡಿದ್ದೇವೆ. ಅಲುಗುವ ನೆಲದ ಮೇಲೆ ಅಲುಗದೆ ಇರುವುದನ್ನು ನಾನು ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಇದೇ ನೀರಿನ ದಡದಲ್ಲಿದ್ದು ನಾನು ಇದನ್ನು ನೋಡಲು ಯಾಕೆ ಬರಲಿಲ್ಲ?

ಮದರಂಗಿಯ ಸರದಿ ಬಂತು. ದೀಪಗಳನ್ನು ಆರಿಸಿದರು. ಮೇಳದ ಹುಡುಗಿಯರು ತಾಮ್ರದ ತಟ್ಟೆಗಳಲ್ಲಿ ಮೇಣದ ಬತ್ತಿ ಹೊತ್ತಿಸಿಕೊಂಡು ಸಾಲಾಗಿ ಬಂದರು. ನಡುವೆ ಒಂದು ಕುರ್ಚಿ. ಕುರ್ಚಿಯ ಮೇಲೆ ಅವಳು. ಕೆಂಪು ಮುಸುಕಿನಲ್ಲಿ ಮುಖ ಕಾಣುತ್ತಿರಲಿಲ್ಲ, ಆದರೂ ಬೆನ್ನು ನೇರ ಮಾಡಿ ಕೂರುವ ಆ ರೀತಿ, ಅಕ್ಕ, ನಿನ್ನದೇ. ನಿನ್ನ ಮದರಂಗಿಯ ದಿನ ನೀನು ಹೀಗೇ ಕೂತಿದ್ದೆ. ಅವತ್ತು ಅಮ್ಮ ಬೇಕೆಂದೇ ಅಡುಗೆಮನೆಯಲ್ಲಿ ತಡಮಾಡಿದ್ದು ನೆನಪಿದೆಯೇ? ನಿನ್ನ ಅತ್ತೆ ಬಂಗಾರದ ನಾಣ್ಯ ಹಿಡಿದು ಕಾಯುತ್ತ ನಿಂತಿದ್ದರು. ಬೇರೆ ಕಡೆ ಅತ್ತೆ ನಾಣ್ಯ ಚಾಚಿದರೆ ಸಾಕು, ಮದುಮಗಳು ಬಿಗಿಹಿಡಿದ ಮುಷ್ಟಿ ಬಿಚ್ಚುತ್ತಾಳೆ. ನಮ್ಮ ಮನೆಗಳಲ್ಲಿ ತಾಯಿ ಹಿಂದೆ ಬಂದು ನಿಂತು ಭುಜ ಮುಟ್ಟಬೇಕು, ಆಮೇಲೆ ಬಲಗೈ ತೆರೆಯುವುದು. ಅಮ್ಮ ಕೊನೆಗೂ ಅಡುಗೆಬಟ್ಟೆಗೆ ಕೈ ಒರೆಸುತ್ತ ಬಂದಾಗ ನೀನು ಅತ್ತೂ ಅತ್ತೂ ಮುಷ್ಟಿ ಬಿಚ್ಚಿದ್ದೆ.

ಹಡಗಿನಲ್ಲಿ ಅತ್ತೆಯಾಗಲು ಊಟಕ್ಕೆ ಬಂದವರಲ್ಲೇ ಯಾರನ್ನಾದರೂ ಕರೆಯುತ್ತಾರೆ. ಆಟ ನಡೆಸುವ ನೆಜಾತ್ ಬೇ ಮೈಕು ಹಿಡಿದು ನಾಲ್ಕು ಭಾಷೆಗಳಲ್ಲಿ ಕರೆದರು. ನಾಲ್ಕೂ ಭಾಷೆ ಮುಗಿಯುವುದರೊಳಗೆ ನಮ್ಮ ಬೆನೊವ್ಷಾ ಅಜ್ಜಿ ಎದ್ದು ಅರ್ಧ ದಾರಿ ಹೋಗಿದ್ದರು. ಮಗ, “ಅವ್ವಾ, ಅದು ಬರೇ ಆಟ ಐತಿ, ಕೂಡು” ಎಂದ. “ಮದರಂಗಿ ಎಲ್ಯಾದರೂ ಆಟ ಆಗತೈತೇನೋ ಮಂಗ್ಯಾ” ಎಂದು ಹಿಂತಿರುಗಿ ನೋಡದೆ ಹೇಳಿ ನಡೆದರು.

ಅವರ ಕೈಗೆ ಹಿತ್ತಾಳೆಯ ನಾಣ್ಯ ಕೊಟ್ಟರು. ಅವರು ಕುರ್ಚಿಯ ಮುಂದೆ ಬಾಗಿದರು. ಸೆಲ್ವಿ ಮುಸುಕಿನೊಳಗಿಂದ ಎಡಗೈ ಚಾಚಿದಳು.

ದಿನವೂ ಹೀಗೇ ನಡೆಯುತ್ತದಂತೆ. ದೂರದ ದೇಶದವರಿಗೆ ಎಡ ಬಲ ಏನು ಗೊತ್ತು? ಎಡಗೈಗೆ ನಾಣ್ಯ ಇಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಮುಂದಿನ ಕುಣಿತ ಬರುತ್ತದೆ. ಆದರೆ ಈ ಅಜ್ಜಿ ಮದರಂಗಿ ಬಲ್ಲವರು. ಎಷ್ಟೋ ಮದುವಣಗಿತ್ತಿಯರ ಮುಷ್ಟಿ ಬಿಡಿಸಿದವರು. ಅವರು ಚಾಚಿದ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿದರು. ಮೂಲೆಯ ನನ್ನ ಮೇಜಿನವರೆಗೂ ಕೇಳುವಂತೆ ಅಂದರು: “ಎಡಗೈಗೆ ಯಾರ ಹಚ್ತಾರ ಮಗಳ? ಬಲಗೈ ಕೊಡು.”

ಸೆಲ್ವಿ ಕೊಡಲಿಲ್ಲ. ಅಜ್ಜಿಯೇ ಮುಸುಕಿನಡಿ ಕೈಹಾಕಿ ಅವಳ ಬಲಗೈಯನ್ನು ಹೊರಗೆ ತಂದರು. ಬಿಗಿಯಾದ ಮುಷ್ಟಿ. ಜನ ನಕ್ಕರು, ಇದೂ ಆಟವೇ ಎಂದುಕೊಂಡರು. ಹುಡುಗಿಯರು ಇನ್ನೊಂದು ಸುತ್ತು ಸುತ್ತಿದರು. ಮುಷ್ಟಿ ಬಿಚ್ಚಲಿಲ್ಲ. ನೆಜಾತ್ ಬೇ ಅವಳ ಪಕ್ಕ ಬಗ್ಗಿ ಹಲ್ಲು ಕಚ್ಚಿಕೊಂಡು, “ಬಿಡೇ ತಾಯಿ, ಕರಾವಳಿ ನೃತ್ಯದವರು ಕಾಯ್ತಿದಾರೆ” ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿತು. ಮತ್ತೊಂದು ಸುತ್ತು. ಮೇಣದ ಹನಿಗಳು ಮದರಂಗಿಯ ಮೇಲೆ ಬೀಳುತ್ತಿದ್ದವು. ಡೋಲಿನ ಹಿಂದಿದ್ದ ಯಾಲ್ಚಿನ್‌ನ ಮುಖ ನೋಡಿದೆ. ಅವನಿಗೆ ಕಾರಣ ಗೊತ್ತಿತ್ತು. ಅಷ್ಟು ದೊಡ್ಡ ಡೋಲನ್ನು ಬರೀ ಬೆರಳ ತುದಿಯಿಂದ, ಮಗುವಿನ ಬೆನ್ನು ತಟ್ಟುವ ಹಾಗೆ ನುಡಿಸುತ್ತಿದ್ದ.

ಅಜ್ಜಿ ಮುಸುಕಿಗೆ ಕಿವಿಗೊಟ್ಟು ಏನೋ ಕೇಳಿದರು. ಮುಸುಕು ಏನೋ ಹೇಳಿತು.

ಆಗ ಅವರು ಮಾಡಿದ್ದನ್ನು ನಾನು ಹೇಗೆ ಬರೆಯಲಿ? ನಾಣ್ಯವನ್ನು ತಟ್ಟೆಗೆ ಹಾಕಿದರು. ಆ ಮುಚ್ಚಿದ ಮುಷ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಅದಕ್ಕೆ ಮುತ್ತಿಟ್ಟು, ತಮ್ಮ ಹಣೆಗೆ ಒತ್ತಿಕೊಂಡರು. ಅಕ್ಕ, ಕಿರಿಯರು ಹಿರಿಯರ ಕೈಯನ್ನು ಹಾಗೆ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇವೆ, ಹಬ್ಬ ಹಬ್ಬಕ್ಕೂ ಮಾಡಿದ್ದೇವೆ. ಎಂಬತ್ತರ ಹತ್ತಿರದ ಮುದುಕಿ ಇಪ್ಪತ್ತಾರರ ಹುಡುಗಿಯ ಮುಷ್ಟಿಯನ್ನು ಹಣೆಗೊತ್ತಿಕೊಳ್ಳುವುದನ್ನು ನೀನು ನೋಡಿದ್ದೀಯಾ? ನಾನು ನೋಡಿದೆ. ಡೋಲು ನಿಂತಿತು. ಹುಡುಗಿಯರು ಎಲ್ಲಿದ್ದರೋ ಅಲ್ಲೇ ನಿಂತರು. ಟ್ರೇ ಹೊತ್ತವರು ಟ್ರೇ ಹೊತ್ತೇ ನಿಂತರು. ನೆಜಾತ್ ಬೇ ಮೈಕು ಎತ್ತಿದರು, ಬಾಯಿ ತೆರೆದರು, ನಾಲ್ಕು ಭಾಷೆಗಳಲ್ಲಿ ಒಂದೂ ಹೊರಡಲಿಲ್ಲ. ಏನು ನಡೆಯುತ್ತಿದೆಯೆಂದು ಅಲ್ಲಿದ್ದ ಮುಕ್ಕಾಲು ಪಾಲು ಜನಕ್ಕೆ ತಿಳಿದಿರಲಾರದು, ಆದರೂ ಒಬ್ಬೊಬ್ಬರಾಗಿ ಫೋರ್ಕು ಕೆಳಗಿಟ್ಟರು. ನನ್ನ ಪಕ್ಕದ ಮೇಜಿನ ಜಪಾನಿ ಹೆಂಗಸು ಎದ್ದು ನಿಂತಳು. ಅವಳನ್ನು ನೋಡಿ ಇನ್ನೊಬ್ಬಳು. ಹಡಗು ಆಗ ಸೇತುವೆಯ ಕೆಳಗೆ ಬಂದಿತ್ತು. ಅಷ್ಟು ಎತ್ತರದಲ್ಲಿ ಸೇತುವೆ, ಅದರ ಮೇಲೆ ಮನೆಗೆ ಹೋಗುತ್ತಿರುವ ಊರಿನ ಜನವೆಲ್ಲ, ಕೆಳಗೆ ಕಪ್ಪು ನೀರು, ನಡುವೆ ಬತ್ತಿಗಳ ಬೆಳಕಿನಲ್ಲಿ ಒಂದು ಮುಚ್ಚಿದ ಕೈ. ಕವಿತೆಗಳಲ್ಲಿ ಹುಡುಕಿಕೊಂಡು ಓದಿದ್ದೆಲ್ಲ ಎದುರು ಬಂದು ನಿಂತಾಗ ನನಗೆ ಒಂದು ಪದವೂ ನೆನಪಾಗಲಿಲ್ಲ.

ಅಜ್ಜಿ ಮೇಜಿಗೆ ಮರಳಿ ಬಂದು ಕೂತರು. ಹುಡುಗಿ ಏನಂದಳೆಂದು ಕೇಳಿದೆ.

“ಅಜ್ಜೀ, ದಿನಾ ಎಡಗೈ ಇವರಿಗೆ ಕೊಡ್ತೀನಿ. ಬಲಗೈ ನಮ್ಮ ಅವ್ವಂದು. ಆಕಿ ಬಂದು ಹಿಂದ ನಿಂತಾಗ ತೆರಿಯೂದು ಅಂದ್ಲು.” ಆಮೇಲೆ ನನ್ನತ್ತ ತಿರುಗಿ, “ಅವ್ವ ತೀರಿಕೊಂಡಾಳೇನು?” ಎಂದರು.

ಇಲ್ಲ, ಆಯ್ವಲಿಕ್‌ನಲ್ಲಿದ್ದಾಳೆ, ನನ್ನ ಅಕ್ಕ ಎಂದೆ.

“ಭಾಳ ದೂರೇನು?”

ಒಂದು ಹಗಲಿನ ಬಸ್ಸಿನ ದಾರಿ ಎಂದೆ.

ಅಜ್ಜಿ ತಟ್ಟೆಯ ಕಡೆ ಬೆರಳು ಮಾಡಿದರು. “ಈ ಮೀನಾ ತಿನ್ನಾಕ ನಾ ಶೇಕಿಯಿಂದ ಬಂದೀನಿ.”

ಇದಕ್ಕೆ ಉತ್ತರ ನೀನೇ ಕೊಡು.

ಆಟ ಮುಗಿದ ಮೇಲೆ ಅವಳನ್ನು ನೋಡಲು ಅಡುಗೆಮನೆಯ ಹಿಂದಿನ ಕಿರುದಾರಿಗೆ ಹೋದೆ. ಮುಸುಕನ್ನು ತಲೆಯ ಮೇಲೆ ಎತ್ತಿ ಕಟ್ಟಿಕೊಂಡು ಬ್ರೆಡ್ಡಿನೊಳಗೆ ಚೀಸ್ ಇಟ್ಟು ತಿನ್ನುತ್ತ ನಿಂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ನನ್ನನ್ನು ನೋಡಿ, “ಚಿಕ್ಕೀ, ನೀನಾ? ಹೇಳೋದಲ್ವಾ, ಒಳ್ಳೆ ಮೇಜು ಕೊಡಿಸ್ತಿದ್ದೆ” ಎಂದಳು. ಯಾಲ್ಚಿನ್ ಬಂದು ನನ್ನ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡ. ಅವನ ಹಿಂದೆಯೇ ನೆಜಾತ್ ಬೇ ಬಂದರು. ಬೈಯಲೆಂದೇ ಬಂದಿದ್ದರು, ನನ್ನನ್ನು ಕಂಡು ಅರ್ಧ ನುಂಗಿದರು.

“ನೀವು ಇವಳ ಕಡೆಯವರಾ ಮೇಡಂ? ಇಪ್ಪತ್ತು ವರ್ಷದಿಂದ ಈ ನೀರಲ್ಲಿ ಆಟ ಆಡಿಸ್ತಿದೀನಿ. ದರ್ವೇಶಿ ಜಾರಿ ಬಿದ್ದಿದಾನೆ, ನರ್ತಕಿ ಗಂಡನ ಜೊತೆ ಓಡಿ ಹೋಗಿದಾಳೆ, ಆದ್ರೂ ಆಟ ನಿಂತಿರ್ಲಿಲ್ಲ. ಇವತ್ತು ನಿಂತೋಯ್ತು.”

“ಓಡಿ ಹೋದ್ರೆ ಗಂಡನ ಜೊತೆ ಯಾಕೆ ಹೋಗ್ತಾಳೆ ನೆಜಾತ್ ಬೇ?” ಎಂದಳು ನಿನ್ನ ಮಗಳು, ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡು.

“ನೀನು ಸುಮ್ನಿರು. ನಾಳೆಯಿಂದ ಆ ಕುರ್ಚಿ ಮೇಲೆ ಬೇರೆಯವಳು.” ಸ್ವಲ್ಪ ದೂರ ಹೋಗಿ ಮತ್ತೆ ನಿಂತರು. “ನಮ್ಮಮ್ಮ ಇದ್ದಿದ್ರೆ ಇವತ್ತು ಬಯ್ತಿದ್ಲು ನಂಗೆ. ನಿಂಗಲ್ಲ.”

ದಡಕ್ಕೆ ಬರುವವರೆಗೆ ಅವಳ ಪಕ್ಕ ನಿಂತಿದ್ದೆ. ನಿನ್ನ ಆ ಮಾತು, ನೂರಾ ಒಂದನೇ ಸಲದ ಮಾತು, ಅವಳಿಗೂ ತಲುಪಿದೆ ಎಂದು ಆಗ ತಿಳಿಯಿತು. ನಾನು ಹೇಳಿದ್ದಲ್ಲ. ಅವಳ ಜೊತೆ ಮಾತಾಡಿ ಫೋನು ಇಡುವುದನ್ನು ಮರೆತು ನೀನು ಭಾವನಿಗೆ ಹೇಳಿದ್ದು ಅವಳಿಗೆ ಕೇಳಿಸಿತಂತೆ. ಬಲಗೈಯನ್ನು ಒಂದು ದಿನವೂ ಹಡಗಿಗೆ ಕೊಟ್ಟಿಲ್ಲವೆಂದು ಅಮ್ಮನಿಗೆ ಹೇಳಬಾರದಿತ್ತೇ ಎಂದು ಕೇಳಿದೆ. ಅವಳು ನೀರನ್ನೇ ನೋಡುತ್ತ ಅಂದಳು:

“ಹೇಳಿದ್ರೆ ಬರ್ತಾಳೆ ಚಿಕ್ಕಿ. ಅಳ್ತಾ ಬರ್ತಾಳೆ. ನಾನು ತಪ್ಪು ಮಾಡಿಲ್ಲ ಅಂತ ಗೊತ್ತಾಗಿ ಬರೋದು ಬೇಡ. ನಾನು ಅವಳ ಮಗಳು ಅಂತ ಬರ್ಲಿ. ನೀನು ಬರೀಬೇಡ, ಆಣೆ.”

ನಾನು ತಲೆಯಾಡಿಸಿದೆ. ಈಗ ಆಣೆ ಮುರಿದು ಬರೆಯುತ್ತಿದ್ದೇನೆ. ಅವಳ ಮಾತು ಸರಿ ಎಂದು ನನಗೆ ಅನ್ನಿಸುತ್ತದೆ. ಆದರೆ ಸರಿಯಾದ ಮಾತಿಗೆ ಕಾಯುತ್ತ ಕೂತರೆ ಆ ಕುರ್ಚಿಯ ಹಿಂದಿನ ಜಾಗ ಖಾಲಿ ಉಳಿಯುತ್ತದೆ. ಆ ಜಾಗ ಹೇಗಿರುತ್ತದೆಂದು ನಾನು ನಿನ್ನೆ ನೋಡಿದೆ. ಅಷ್ಟು ಜನರಿದ್ದರು, ಮೇಣದ ಬತ್ತಿಗಳಿದ್ದವು, ಡೋಲಿತ್ತು. ಅವಳ ಭುಜದ ಹಿಂದೆ ಮಾತ್ರ ಒಬ್ಬ ಮನುಷ್ಯ ನಿಲ್ಲುವಷ್ಟು ಕತ್ತಲಿತ್ತು. ಒಂದು ಕ್ಷಣ ನಾನೇ ಎದ್ದು ಹೋಗಲೇ ಎನ್ನಿಸಿತು. ಕಾಲೂ ಎದ್ದಿತು. ಮುಟ್ಟಿದರೆ ಅದು ನಿನ್ನ ಕೈಯಲ್ಲವೆಂದು ತಿರುಗಿ ನೋಡದೆಯೇ ಅವಳಿಗೆ ಗೊತ್ತಾಗುತ್ತಿತ್ತು. ಕೂತುಬಿಟ್ಟೆ.

ನೀನು ಬರುತ್ತೀಯೆಂದು ಬರೆಯಬೇಡ. ಬರುವುದಿಲ್ಲವೆಂದೂ ಬರೆಯಬೇಡ. ಈ ಕಾಗದ ಓದಿದ್ದನ್ನು ಅವಳಿಗೆ ತೋರಿಸಿಕೊಳ್ಳದೆ ಇರಲು ನಿನ್ನಿಂದಾದರೆ, ಅದೊಂದನ್ನು ನನಗಾಗಿ ಮಾಡು.

ಭಾವನಿಗೆ ನಮಸ್ಕಾರ ತಿಳಿಸು.

ಬಾಗಿಲ ಪಕ್ಕದ ಕುರ್ಚಿಯಿಂದ,
ನಿನ್ನ ತಂಗಿ
ಹಂದಾನ್

ಮರೆತ ಮಾತು: ಲಕೋಟೆ ಮನೆಯಲ್ಲೇ ಉಳಿದಿತ್ತೆಂದು ಗ್ರಂಥಾಲಯದಿಂದ ವಾಪಸಾದೆ. ಸೆಲ್ವಿಯ ಕೋಣೆ ಬಾಗಿಲು ತೆರೆದಿತ್ತು, ಮಂಚದ ಕೆಳಗಿನ ಪೆಟ್ಟಿಗೆ ಇರಲಿಲ್ಲ. ಯಾಲ್ಚಿನ್‌ಗೆ ಫೋನು ಮಾಡಿದರೆ ಅವನು, “ನಿಮಗೆ ಹೇಳ್ಲಿಲ್ವಾ ಚಿಕ್ಕಮ್ಮ? ನೆಜಾತ್ ಬೇ ಹೆಂಗೂ ರಜೆ ಕೊಟ್ಟಿದ್ರು. ‘ನಾನೇ ಹೋಗಿ ಅಮ್ಮನ್ನ ಕರೀತೀನಿ, ಬಾಗಿಲು ಹಾಕಿದ್ರೆ ಮೆಟ್ಟಿಲ ಮೇಲೆ ಕೂರ್ತೀನಿ’ ಅಂತ ಆಯ್ವಲಿಕ್ ಬಸ್ಸು ಹತ್ತಿದ್ಲು” ಎಂದ. ಹಾಗಾಗಿ ಈ ಕಾಗದಕ್ಕಿಂತ ಮೊದಲು ಅವಳೇ ನಿನ್ನ ಹತ್ತಿರ ಬಂದಿರುತ್ತಾಳೆ. ನೀನು ಇದನ್ನು ಓದುವ ಹೊತ್ತಿಗೆ ಬಾಗಿಲು ತೆರೆದದ್ದೋ ತೆರೆಯದ್ದೋ ಆಗಿಹೋಗಿರುತ್ತದೆ. ಆದರೂ ಹಾಕುತ್ತೇನೆ. ಈಗಷ್ಟೇ ಕೆಳಮನೆಯ ಝೆಕಿಯೆ ಹಾನುಮ್ ಬಾಗಿಲು ತಟ್ಟಿದ್ದರು, ನಮ್ಮ ತಟ್ಟೆ ವಾಪಸು ಕೊಡಲು. ಸೆಲ್ವಿ ಹೊರಟಾಗ ಅವರು ನೀರಿನ ಬಟ್ಟಲು ಹಿಡಿದು ಬೀದಿಯವರೆಗೂ ಹೋಗಿದ್ದರಂತೆ. ದೂರ ಹೋಗುವವರು ನೀರಿನ ಹಾಗೆ ಸರಾಗವಾಗಿ ಹೋಗಿ ಬರಲಿ ಎಂದು ಬೆನ್ನಹಿಂದೆ ಚೆಲ್ಲುವವರು ನಮ್ಮ ಬೀದಿಯಲ್ಲಿ ಈಗ ಅವರೊಬ್ಬರೇ. ಚೆಲ್ಲಿದಿರಾ ಎಂದು ಕೇಳಿದೆ. ತಟ್ಟೆಯನ್ನು ನನ್ನ ಕೈಗಿಟ್ಟು ಅವರು ಅಂದರು: “ಚೆಲ್ಲೋಕೇ ಹೋಗಿದ್ದೆ ಕಣಮ್ಮ. ಎಲ್ಲಿಗೇ ಅಂದೆ, ಅಮ್ಮನ ಮನೆಗೆ ಅಂದ್ಲು. ನೀರು ವಾಪಸ್ ತಂದು ಕಾಮಕಸ್ತೂರಿ ಗಿಡಕ್ಕೆ ಹಾಕ್ದೆ. ಮನೆಗೆ ಹೋಗೋರ ಹಿಂದೆ ಯಾರಾದ್ರೂ ನೀರು ಚೆಲ್ತಾರಾ?”